ಬರ್ಮಾ ಮೇಲೆ ನಿರ್ಬಂಧ ಇದ್ದರೂ ಅಲ್ಲಿನ ತೊಗರಿ ಬರುವುದು ಹೇಗೆ?

ಪ್ರಶ್ನೆ: ಕಲಬುರಗಿಯಲ್ಲಿ ನನ್ನದೊಂದು ಸಣ್ಣ ದಾಲ್ ಮಿಲ್ ಇದೆ. ಮ್ಯಾನ್ಮಾರ್ (ಬರ್ಮಾ) ಮೇಲೆ ಅಮೆರಿಕ ನಿರ್ಬಂಧ ಹಾಕಿದೆ ಅಂತ ಪೇಪರ್‌ನಲ್ಲಿ ಓದುತ್ತೇನೆ. ಆದರೆ ಚೆನ್ನೈಗೆ ಅಲ್ಲಿಂದ ‘ಲೆಮನ್’ ಅನ್ನೋ ಬಗೆಯ ತೊಗರಿ ಬರುತ್ತಲೇ ಇದೆ. ಅದರ ರೇಟು ಇಳಿದರೆ ನಮ್ಮ ಗಂಜ್‌ (ಮಾರುಕಟ್ಟೆ) ನಲ್ಲೂ ಇಳಿಯುತ್ತದೆ. ಹಾಗಾದರೆ ನಿರ್ಬಂಧ ಸುಮ್ನೆ ಹೆಸರಿಗಾ? ಇದಕ್ಕೆ ಯಾವ ಸರ್ಕಾರವಾದರೂ ಬಗ್ಗಿದ್ದುಂಟಾ?

ಉತ್ತರ: ತೊಗರಿಯ ಮೇಲೆ ನಿರ್ಬಂಧವೇ ಇಲ್ಲ. 2021ರ ಫೆಬ್ರುವರಿಯಲ್ಲಿ ಅಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಅಮೆರಿಕ ಸೇನಾಧಿಕಾರಿಗಳ ಮೇಲೆ, ಸೇನೆಯ ಕಂಪನಿಗಳ ಮೇಲೆ ನಿರ್ಬಂಧ ಹಾಕಿತು. ಭಾರತ ಜೊತೆಗೂಡಲಿಲ್ಲ. ಅದೇ ಜೂನ್‌ನಲ್ಲಿ ವರ್ಷಕ್ಕೆ 1 ಲಕ್ಷ ಟನ್ ತೊಗರಿ, 2.5 ಲಕ್ಷ ಟನ್ ಉದ್ದು ತರಿಸುವ 5 ವರ್ಷದ ಒಪ್ಪಂದ ಮಾಡಿಕೊಂಡಿತು. ಬೇಳೆ ದುಬಾರಿಯಾದರೆ ದಿಲ್ಲಿಯಲ್ಲಿ ಯಾವ ಸರ್ಕಾರಕ್ಕೂ ನಿದ್ದೆ ಬರಲ್ಲ, ಅಲ್ವಾ?

ಹಾಗಂತ ಅದು ಹೆಸರಿಗಷ್ಟೇ ಅಲ್ಲ. 2023ರ ಜೂನ್‌ನಲ್ಲಿ ಮ್ಯಾನ್ಮಾರ್‌ನ ಎರಡು ಸರ್ಕಾರಿ ಬ್ಯಾಂಕುಗಳೂ ಅಮೆರಿಕದ ನಿರ್ಬಂಧದ ಪಟ್ಟಿ ಸೇರಿದವು. ಡಾಲರ್ ಲೆಕ್ಕ ಎಲ್ಲಿ ಶುರುವಾದರೂ ಸಾಮಾನ್ಯವಾಗಿ ಅಮೆರಿಕದ ಬ್ಯಾಂಕೊಂದನ್ನು ದಾಟಿಯೇ ಹೋಗಬೇಕು. ಪಟ್ಟಿಯಲ್ಲಿ ಇರುವವರ ಸಹವಾಸ ಬೇಡ ಅಂತ ಬೇರೆ ಬ್ಯಾಂಕುಗಳೂ ಹಿಂಜರಿಯುತ್ತವೆ. ಅದಕ್ಕೇ 2024ರ ಆರಂಭದಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಖಾತೆಯ ಮೂಲಕ ರೂಪಾಯಿಯಲ್ಲೇ ಹಣ ಕೊಡುವ ದಾರಿ ತೆರೆದರು. ಇಂಥ ಸುತ್ತುದಾರಿಗೆ ಖರ್ಚಿದೆ. ಅದನ್ನು ಯಾಂಗೊನ್‌ನ ವ್ಯಾಪಾರಿ ರೈತನ ಮೇಲೆ ಹಾಕುತ್ತಾನೆ, ಇಲ್ಲವೇ ನಿಮ್ಮ ಮೇಲೆ. ಸೇನಾಧಿಕಾರಿಗಳೇನೂ ಕುರ್ಚಿ ಬಿಟ್ಟು ಏಳಲಿಲ್ಲ. ಅವರು ಕಳೆದುಕೊಂಡ ನೆಲವೂ ಬಂಡುಕೋರರ ಬಂದೂಕಿನಿಂದ ಹೋದದ್ದು.

ಬಗ್ಗಿದ್ದುಂಟಾ ಅಂದರೆ, ಉಂಟು, ಅಪರೂಪಕ್ಕೆ. ಅಮೆರಿಕದ ತಜ್ಞರು ನಿರ್ಬಂಧದ 204 ಪ್ರಕರಣ ಅಳೆದು ನೋಡಿ, ಮೂರರಲ್ಲಿ ಒಂದು ಅಲ್ಪಸ್ವಲ್ಪವಾದರೂ ಫಲಿಸಿದೆ ಎಂದರು. ಅದೂ ಜಾಸ್ತಿಯಾಯ್ತು ಅಂತ ತಕರಾರು ತೆಗೆದವರಿದ್ದಾರೆ. ನಾನೂ ಆ ಕಡೆಯವನೇ.

ಲಿಬಿಯಾ ಬಗ್ಗಿತು. ವಿಮಾನ ಸ್ಫೋಟಿಸಿದ ಆರೋಪವಿದ್ದ ಇಬ್ಬರನ್ನು ಒಪ್ಪಿಸಿ ಅಂತ ವಿಶ್ವಸಂಸ್ಥೆ 1992ರಲ್ಲಿ ನಿರ್ಬಂಧ ಹಾಕಿತು, 1999ರಲ್ಲಿ ಒಪ್ಪಿಸಿದರು. ಕೇಳಿದ್ದು ಸಣ್ಣದು, ಕೇಳಿದವರು ಬಹಳ ಮಂದಿ. ಕ್ಯೂಬಾದಲ್ಲಿ ಉಲ್ಟಾ. 1962ರಿಂದ ಅಮೆರಿಕ ವ್ಯಾಪಾರ ಮುಚ್ಚಿ ಕೂತಿದೆ, ಬೇಕಾಗಿದ್ದು ಆ ಆಡಳಿತವೇ ಹೋಗುವುದು. ತನ್ನ ಕುತ್ತಿಗೆಗೆ ತಾನೇ ಹಗ್ಗ ಹಾಕಿಕೊಳ್ಳುವ ಸರ್ಕಾರ ಎಲ್ಲಿದೆ? ಇರಾಕ್ ಕಥೆ ಇನ್ನೂ ಕೆಟ್ಟದ್ದು. 1990ರಿಂದ ಬಹುತೇಕ ಎಲ್ಲ ವ್ಯಾಪಾರ ನಿಲ್ಲಿಸಿದ ಮೇಲೆ ಜನ ಔಷಧಿ, ಹಾಲಿಗೆ ಪರದಾಡಿದರು. ಸದ್ದಾಂ 2003ರ ಯುದ್ಧದವರೆಗೂ ಗಟ್ಟಿಯಾಗಿಯೇ ಇದ್ದ. ಇಡೀ ದೇಶದ ಬದಲು ವ್ಯಕ್ತಿ, ಕಂಪನಿ, ಬ್ಯಾಂಕುಗಳ ಪಟ್ಟಿ ಮಾಡುವ ರೂಢಿ ಬಲವಾದದ್ದು ಆ ಅನುಭವದಿಂದಲೇ.

ದಕ್ಷಿಣ ಆಫ್ರಿಕಾದ ಮಾತು ಎಲ್ಲರೂ ಎತ್ತುತ್ತಾರೆ. ಅಲ್ಲಿನ ವರ್ಣಭೇದ ವಿರೋಧಿಸಿ ಮೊದಲು ವ್ಯಾಪಾರ ಕಡಿದುಕೊಂಡದ್ದು ನಾವು, 1946ರಲ್ಲಿ. ನಿಜವಾದ ಪೆಟ್ಟು ಬಿದ್ದದ್ದು 1985ರಲ್ಲಿ ವಿದೇಶಿ ಬ್ಯಾಂಕುಗಳು ಸಾಲ ಮುಂದುವರಿಸಲ್ಲ ಅಂದಾಗ. ಒಳಗೆ ಹೋರಾಟ ಕುದಿಯುತ್ತಿತ್ತು, ಹೊರಗಿನ ಒತ್ತಡ ಅದಕ್ಕೆ ಜೊತೆಯಾಯಿತು. 1990ರಲ್ಲಿ ಮಂಡೇಲಾ ಹೊರಬಂದರು.

ನಮ್ಮ ಮೇಲೂ ಹಾಕಿದ್ದರಲ್ಲ. 1998ರ ಪೋಖ್ರಾನ್ ಅಣು ಪರೀಕ್ಷೆಯ ನಂತರದ ನಿರ್ಬಂಧಕ್ಕೆ ನಾವು ಬಗ್ಗಲಿಲ್ಲ. ಅನಿವಾಸಿ ಭಾರತೀಯರಿಗೆ ಬಾಂಡ್ ಮಾರಿ 400 ಕೋಟಿ ಡಾಲರ್‌ಗೂ ಮೇಲೆ ಹಣ ತಂದರು. 2001ರಲ್ಲಿ ಅಮೆರಿಕಕ್ಕೇ ನಮ್ಮ ಅಗತ್ಯ ಬಿತ್ತು, ನಿರ್ಬಂಧ ತೆಗೆಯಿತು. ಆದರೆ ಅಮೆರಿಕದ ಒತ್ತಡಕ್ಕೆ ರಷ್ಯಾ 1993ರಲ್ಲಿ ಕ್ರಯೋಜೆನಿಕ್ (ಅತಿ ತಣ್ಣಗಿನ ಇಂಧನದ) ರಾಕೆಟ್ ಎಂಜಿನ್ನಿನ ತಂತ್ರಜ್ಞಾನ ಕೊಡದೆ ಬರೀ ಎಂಜಿನ್ ಕೊಟ್ಟಿತು. ಸ್ವಂತ ಎಂಜಿನ್ನಿನ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿಯಲ್ಲಿ. ಮನಸ್ಸು ಬದಲಿಸಲು ನಿರ್ಬಂಧ ಅಷ್ಟಕ್ಕಷ್ಟೇ, ಕೆಲಸ ತಡ ಮಾಡಲು ಒಳ್ಳೆಯ ಆಯುಧ.

ಪ್ರಶ್ನೆ: ಶಹಾಪುರ ಕಡೆ ಕಾಲುವೆ ನೀರಲ್ಲಿ ಭತ್ತ ಬೆಳೆಯುತ್ತೇವೆ. 2022ರಲ್ಲಿ ಪೊಟ್ಯಾಷ್ ಗೊಬ್ಬರದ ಚೀಲ 1,700 ರೂಪಾಯಿ ಆಯ್ತು. ರಷ್ಯಾ-ಉಕ್ರೇನ್ ಯುದ್ಧ ಕಾರಣ ಅಂದರು. ಯುದ್ಧ ಎಲ್ಲೋ, ನಾವು ಎಲ್ಲೋ. ಹೇಗಿದು?

ಉತ್ತರ: ನಮಗೆ ಬೇಕಾದ ಪೊಟ್ಯಾಷ್ ಹೆಚ್ಚುಕಡಿಮೆ ಪೂರಾ ಹೊರಗಿಂದಲೇ ಬರುತ್ತದೆ. ಅದನ್ನು ಜಾಸ್ತಿ ತೆಗೆಯುವವರು ಕೆನಡಾ, ರಷ್ಯಾ, ಬೆಲಾರೂಸ್. ಯುದ್ಧಕ್ಕೂ ಮೊದಲೇ, 2021ರಲ್ಲಿ, ಬೆಲಾರೂಸ್ ಮೇಲೆ ಯುರೋಪ್, ಅಮೆರಿಕ ನಿರ್ಬಂಧ ಹಾಕಿದ್ದವು. ಆ ದೇಶಕ್ಕೆ ಸಮುದ್ರವಿಲ್ಲ. 2022ರ ಫೆಬ್ರುವರಿಯಲ್ಲಿ ಪಕ್ಕದ ಲಿಥುವೇನಿಯಾ ಬೆಲಾರೂಸ್ ಪೊಟ್ಯಾಷ್ ಬಂದರಿಗೆ ಹೋಗುತ್ತಿದ್ದ ತನ್ನ ರೈಲು ಮಾರ್ಗವನ್ನೂ ಅದಕ್ಕೆ ಮುಚ್ಚಿತು. ಅದೇ ತಿಂಗಳು ಯುದ್ಧ. ರಷ್ಯಾದ ಗೊಬ್ಬರಕ್ಕೆ ಅಮೆರಿಕ ವಿನಾಯಿತಿ ಕೊಟ್ಟಿತ್ತು. ಆದರೂ ಹಡಗಿನವರು, ವಿಮೆಯವರು, ಬ್ಯಾಂಕಿನವರು ಹೆದರಿ ಹಿಂದೆ ಸರಿದರು. ಅವರ ಹೆದರಿಕೆ ನಿಮ್ಮ ಚೀಲದ ಬೆಲೆಯಲ್ಲಿ ಸೇರಿಕೊಂಡಿತು.

ಇನ್ನೊಂದು ಮಾತು, ನನ್ನ ವಿಷಯ ಅಲ್ಲದಿದ್ದರೂ: ನಮ್ಮ ಭಾಗದ ಕರಿಮಣ್ಣಲ್ಲಿ ಪೊಟ್ಯಾಷ್ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಮುಂದಿನ ಚೀಲ ತರುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಮಣ್ಣು ಪರೀಕ್ಷೆ ಮಾಡಿಸಿ.