ಡಿಫೆನ್ಸ್ ಚೆನ್ನಾಗಿ ಆಡುವ ಹುಡುಗ ಬಾಸ್ಕೆಟ್ ಹಾಕುತ್ತಿಲ್ಲ, ಇನ್ನೂ ಎಷ್ಟು ದಿನ ಕಾಯಬೇಕು?

ನಿಮ್ಮ ಮಗನಿಗೆ 15 ವರ್ಷ, ಮೂರು ವರ್ಷದಿಂದ ಬಾಸ್ಕೆಟ್‌ಬಾಲ್ ಆಡುತ್ತಿದ್ದಾನೆ. ಎದುರಾಳಿಯನ್ನು ಕಟ್ಟಿಹಾಕುವುದರಲ್ಲಿ ಗಟ್ಟಿಗ, ಆದರೆ ಒಂದು ಪಂದ್ಯಕ್ಕೆ ನಾಲ್ಕು ಪಾಯಿಂಟ್ ದಾಟುವುದಿಲ್ಲ. ಇನ್ನೂ ಕಾಯಬೇಕೋ, ಇವನ ಕೈಲಿ ಇಷ್ಟೇ ಎಂದುಕೊಳ್ಳಬೇಕೋ ಎಂದು ಕೇಳಿದ್ದೀರಿ. ಕಾಯಿರಿ. ಆದರೆ ಸುಮ್ಮನೆ ಕೂತು ಕಾಯಬೇಡಿ. ಪಾಯಿಂಟಿನ ಲೆಕ್ಕ ಪಕ್ಕಕ್ಕಿಟ್ಟು ಬೇರೊಂದು ಲೆಕ್ಕ ಇಡಲು ಶುರುಮಾಡಿ.

ನಾನು ಮೈಸೂರಿನಲ್ಲಿ ಕೆಲಸಕ್ಕೆ ಹೋಗುವ ಮುಂಚೆ, ಬೆಳಗಿನ ಹೊತ್ತು ಮಕ್ಕಳಿಗೆ ಆಟ ಹೇಳಿಕೊಡುತ್ತೇನೆ. 14 ವರ್ಷವಾಯಿತು. ನಾನು ಕಂಡ ಬಹುತೇಕ ಮಕ್ಕಳಲ್ಲಿ ಡಿಫೆನ್ಸ್ ಮೊದಲು ಬಂದಿದೆ, ಸ್ಕೋರಿಂಗ್ ತಡವಾಗಿ ಬಂದಿದೆ. ಡಿಫೆನ್ಸ್‌ಗೆ ಬೇಕಾದ್ದು ಕಾಲು, ದಮ್ಮು, ಛಲ. ಎದುರಿನವನು ಮಾಡಿದ್ದಕ್ಕೆ ಉತ್ತರ ಕೊಡುತ್ತಾ ಹೋದರೆ ಅರ್ಧ ಕೆಲಸ ಆಯಿತು. ಚೆಂಡು ಕೈಗೆ ಬಂದಾಗ ಹಾಗಾಗುವುದಿಲ್ಲ. ಹಿಡಿಯುವಾಗಲೇ ಪಾದ ರಿಂಗಿನ ಕಡೆ ತಿರುಗಿರಬೇಕು. ಮುಂದೆ ನಿಂತವನ ಭಾರ ಯಾವ ಕಾಲಿನ ಮೇಲಿದೆ ನೋಡಬೇಕು, ರಿಂಗಿನ ಹಿಂದಿನ ಗೆರೆಯ (ಬೇಸ್‌ಲೈನ್) ಕಡೆಯಿಂದ ಇನ್ನೊಬ್ಬ ಬರುತ್ತಿದ್ದಾನೋ ಗಮನಿಸಬೇಕು. ಹೊಡೆಯಬೇಕೋ, ನುಗ್ಗಬೇಕೋ, ಪಾಸ್ ಕೊಡಬೇಕೋ ತೀರ್ಮಾನಿಸಬೇಕು. ಇಷ್ಟೂ ಒಂದು ಸೆಕೆಂಡಿನೊಳಗೆ. ಜೊತೆಗೆ ಈ ವಯಸ್ಸಿನಲ್ಲಿ ಮೈ ಅವನ ಮಾತು ಕೇಳುವುದಿಲ್ಲ. ಒಂದು ವರ್ಷದಲ್ಲಿ ಮೂರು ನಾಲ್ಕು ಇಂಚು ಬೆಳೆದ ಹುಡುಗನ ತೋಳಿನ ಅಳತೆಯೇ ಬದಲಾಗಿರುತ್ತದೆ. ಹೋದ ವರ್ಷ ಕುದುರಿದ್ದ ಕೈ ಈ ವರ್ಷ ತಪ್ಪುತ್ತದೆ. ನಿಮ್ಮವನ ಪ್ಯಾಂಟುಗಳು ಈಚೆಗೆ ಗಿಡ್ಡವಾಗಿದ್ದರೆ ಶೂಟಿಂಗ್ ಕೆಟ್ಟಿರುವುದಕ್ಕೂ ಅದೇ ಕಾರಣ ಇರಬಹುದು.

ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವವನು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ ಕವಾಯ್ ಲೆನರ್ಡ್. ಸ್ಯಾನ್ ಡಿಯಾಗೊ ಸ್ಟೇಟ್ ವಿಶ್ವವಿದ್ಯಾಲಯದ ಪರ ಎರಡನೇ ವರ್ಷ ಆಡುವಾಗ ಅವನು ದೂರದ ಗೆರೆಯಾಚೆಯಿಂದ ಹೊಡೆದ ಮೂರು ಪಾಯಿಂಟಿನ ಶಾಟ್‌ಗಳಲ್ಲಿ ಒಳಗೆ ಬಿದ್ದದ್ದು ನೂರಕ್ಕೆ 29. 2011ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಾಗ, ಇಂಡಿಯಾನಾ ತಂಡ ಅವನನ್ನು 15ನೆಯವನಾಗಿ ಆರಿಸಿತು. ಆ ರಾತ್ರಿಯೇ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡ ತನ್ನ ಒಳ್ಳೆಯ ಆಟಗಾರ ಜಾರ್ಜ್ ಹಿಲ್‌ನನ್ನು ಇಂಡಿಯಾನಾಗೆ ಬಿಟ್ಟುಕೊಟ್ಟು ಅವನನ್ನು ತಂದಿತು. ಅಗಲವಾದ ಅಂಗೈ, ಉದ್ದ ತೋಳು, ಯಾರನ್ನೂ ಸಲೀಸಾಗಿ ಬಿಡದ ಡಿಫೆನ್ಸ್. ಶೂಟಿಂಗ್ ಬಗ್ಗೆ ಮಾತ್ರ ಎಲ್ಲರಿಗೂ ಅನುಮಾನ. ಸ್ಪರ್ಸ್‌ನ ಶೂಟಿಂಗ್ ಕೋಚ್ ಚಿಪ್ ಎಂಗೆಲ್ಯಾಂಡ್ ಅವನ ಶಾಟನ್ನು ಬುಡಸಮೇತ ಕೀಳಲಿಲ್ಲ. ತಲೆಯ ಮೇಲಿಂದ ಬಿಡುತ್ತಿದ್ದ ಚೆಂಡನ್ನು ಸ್ವಲ್ಪ ಮುಂದಕ್ಕೆ ತಂದು ಬಿಡುವಂತೆ ತಿದ್ದಿದರು, ಅಷ್ಟೇ. ಮೊದಲ ಎನ್‌ಬಿಎ ಸೀಸನ್‌ನಲ್ಲೇ ಮೂರು ಪಾಯಿಂಟಿನ ಲೆಕ್ಕ ನೂರಕ್ಕೆ 37 ದಾಟಿತು.

ಆದರೂ ಅವನು ದೊಡ್ಡ ಸ್ಕೋರರ್ ಆಗಲು ವರ್ಷಗಳೇ ಹಿಡಿದವು. ಪಂದ್ಯಕ್ಕೆ ಸರಾಸರಿ ಪಾಯಿಂಟ್ ನೋಡಿ: 7.9, ಆಮೇಲೆ 11.9, 12.8, 16.5, 21.2, 25.5. ಇಪ್ಪತ್ತು ದಾಟಿದ್ದು ಐದನೇ ವರ್ಷ. ಡಂಕನ್, ಪಾರ್ಕರ್, ಜಿನೋಬಿಲಿಯಂಥ ಹೆಸರಾಂತ ಆಟಗಾರರಿದ್ದ ತಂಡ ಅದು, ಅವನಿಗೆಂದೇ ಆಟ ಕಟ್ಟುವ ಅಗತ್ಯ ಇರಲಿಲ್ಲ. ಮೂಲೆಯಲ್ಲಿ ನಿಂತು ಸಿಕ್ಕ ಶಾಟ್ ಹೊಡೆದ, ರಿಂಗಿನ ಬುಡಕ್ಕೆ ಓಡಿ ಚೆಂಡು ಹಾಕಿದ (ಲೇ ಅಪ್). ಒಂದೊಂದು ಸೀಸನ್‌ಗೆ ಒಂದೊಂದು ಹೊರೆ ಹೆಚ್ಚಾಗುತ್ತಾ ಹೋಯಿತು.

ನಡುವೆ ಒಂದು ರಾತ್ರಿ ಬಂತು. ನಾಲ್ಕು ಪಂದ್ಯ ಮೊದಲು ಗೆದ್ದವರು ಚಾಂಪಿಯನ್ ಆಗುವ ಎನ್‌ಬಿಎ ಫೈನಲ್ಸ್, 2013. ಮಯಾಮಿ ತಂಡದ ಎದುರು ಆರನೇ ಪಂದ್ಯ, ಗೆದ್ದರೆ ಸ್ಪರ್ಸ್ ಚಾಂಪಿಯನ್. 19.4 ಸೆಕೆಂಡ್ ಉಳಿದಿದ್ದಾಗ ಲೆನರ್ಡ್ ಎರಡು ಫ್ರೀ ಥ್ರೋಗಳಲ್ಲಿ (ಫೌಲ್ ಆದಾಗ ಯಾರ ಅಡ್ಡಿಯೂ ಇಲ್ಲದೆ ಹೊಡೆಯಲು ಸಿಗುವ ಶಾಟ್) ಒಂದನ್ನು ತಪ್ಪಿಸಿದ. ಮಯಾಮಿಯ ರೇ ಆಲನ್ ಮೂಲೆಯಿಂದ ಮೂರು ಪಾಯಿಂಟ್ ಹೊಡೆದು ಸಮ ಮಾಡಿದರು. ಆ ಪಂದ್ಯವೂ ಹೋಯಿತು, ಕೊನೆಯದಾದ ಏಳನೆಯದೂ ಹೋಯಿತು. ಹುಡುಗನಿಗೆ ಆಗ 21 ವರ್ಷ. ಮರುವರ್ಷ ಅದೇ ಮಯಾಮಿಯ ಎದುರು ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ 29 ಪಾಯಿಂಟ್ ಹೊಡೆದು, ಕೊನೆಗೆ ಫೈನಲ್ಸ್‌ನ ಶ್ರೇಷ್ಠ ಆಟಗಾರನಾದ. ಆ ಸೀಸನ್‌ನ ಅವನ ಸರಾಸರಿ ಬರೀ 12.8. ಸರಾಸರಿ ಮಾತ್ರ ನೋಡುತ್ತಾ ಕೂತವರಿಗೆ ಒಳಗೆ ಏನು ತಯಾರಾಗುತ್ತಿತ್ತು ಎಂಬುದು ಕಾಣುವ ಹಾಗೇ ಇರಲಿಲ್ಲ.

ನಮ್ಮ ಕೋರ್ಟಿನ ಒಂದು ಮಾತು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಬರುತ್ತಿದ್ದಳು. ನಿಮ್ಮ ಮಗನ ಹಾಗೆಯೇ, ಡಿಫೆನ್ಸ್‌ನಲ್ಲಿ ಹುಲಿ. ಅವಳ ಶಾಟ್ ಎಲ್ಲಿ ಕೆಡುತ್ತಿದೆ ಎಂದು ನನಗೆ ಬಹಳ ದಿನ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಬೋರ್ಡಿನ ಕೆಳಗೆ ನಿಂತು ಚೆಂಡನ್ನೇ ನೋಡಿದೆ. ಸರಿಯಾಗಿ ಬಿಟ್ಟ ಚೆಂಡಿನ ಕಪ್ಪು ಗೆರೆಗಳು ಗಾಳಿಯಲ್ಲಿ ನೇರ ಹಿಂದಕ್ಕೆ ಉರುಳುತ್ತವೆ. ಅವಳದು ಡಬ್ಬಿಯ ಮುಚ್ಚಳ ತಿರುವಿದ ಹಾಗೆ ಓರೆಯಾಗಿ ಸುತ್ತುತ್ತಿತ್ತು. ಆಸರೆಗೆಂದು ಇಟ್ಟ ಎಡಗೈ ಹೆಬ್ಬೆರಳು ಕೊನೆಯ ಕ್ಷಣದಲ್ಲಿ ಚೆಂಡನ್ನು ತಳ್ಳುತ್ತಿತ್ತು. ರಿಂಗಿನ ಅಗಲ 45 ಸೆಂಟಿಮೀಟರ್, ಹುಡುಗಿಯರ ಚೆಂಡು ಅದರ ಅರ್ಧಕ್ಕಿಂತ ತುಸು ದಪ್ಪ. ಓರೆ ಸುತ್ತುವ ಚೆಂಡು ಅಂಚಿಗೆ ತಾಗಿದರೆ ಪಕ್ಕಕ್ಕೆ ಜಿಗಿದುಬಿಡುತ್ತದೆ.

ಬಸ್ ಟಿಕೆಟ್ ಒಂದನ್ನು ಮಡಚಿ ಅವಳ ಎಡಗೈ ಹೆಬ್ಬೆರಳು, ತೋರುಬೆರಳ ನಡುವೆ ಹಿಡಿಸಿದೆ. ಶಾಟ್ ಬಿಟ್ಟ ಮೇಲೂ ಟಿಕೆಟ್ ಕೈಯಲ್ಲೇ ಇರಬೇಕು. ಮೊದಲ ವಾರ ಪ್ರತಿ ಸಲವೂ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳುವುದು, ಮತ್ತೆ ಹೊಡೆಯುವುದು. ರಿಂಗಿನಿಂದ ಒಂದೂವರೆ ಮೀಟರ್ ದೂರಕ್ಕಿಂತ ಹಿಂದೆ ಹೋಗಲು ಬಿಡಲಿಲ್ಲ. ಎರಡು ತಿಂಗಳು ಪಂದ್ಯಗಳಲ್ಲಿ ಅವಳ ಪಾಯಿಂಟ್ ಸೊನ್ನೆಗೆ ಇಳಿಯಿತು. ಅವಳ ತಂದೆ ಬಂದು, "ಮೊದ್ಲು ಎರಡಾದ್ರೂ ಹಾಕ್ತಿದ್ಲು ಸರ್, ಈಗ ಅದೂ ಹೋಯ್ತಲ್ಲ" ಎಂದು ನೊಂದುಕೊಂಡರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ಹಳೆಯದು ಬಿಟ್ಟುಹೋಗಿ ಹೊಸದು ಇನ್ನೂ ಕೈಹತ್ತದ ಆ ದಿನಗಳಲ್ಲೇ ಮನೆಯವರು ಧೈರ್ಯಗೆಡುತ್ತಾರೆ, ಮಕ್ಕಳು ಹಳೇ ಅಭ್ಯಾಸಕ್ಕೆ ಓಡಿಹೋಗುತ್ತಾರೆ.

ಐದನೇ ತಿಂಗಳು ಒಂದು ಪಂದ್ಯ. ಬಲಮೂಲೆಯಲ್ಲಿ ಅವಳಿಗೆ ಚೆಂಡು ಸಿಕ್ಕಿತು, ಎದುರು ಯಾರೂ ಇಲ್ಲ. ಮೊದಲಾಗಿದ್ದರೆ ಪಕ್ಕದವಳನ್ನು ಹುಡುಕುತ್ತಿದ್ದಳು. ಹೊಡೆದಳು, ತಪ್ಪಿತು. ಮತ್ತೆ ಸಿಕ್ಕಿತು, ಮತ್ತೆ ತಪ್ಪಿತು. ಮೂರನೇ ಸಲವೂ ಕೈ ಹಿಂಜರಿಯಲಿಲ್ಲ, ಗೆರೆಗಳು ನೇರವಾಗಿ ಉರುಳಿದವು, ಅದೂ ರಿಂಗಿಗೆ ಬಡಿದು ಹೊರಬಿತ್ತು. ಆವತ್ತು ಅವಳ ತಂದೆಗೆ ಹೇಳಿದೆ, ನಿಮ್ಮ ಮಗಳು ಇಷ್ಟು ಚೆನ್ನಾಗಿ ಆಡಿದ್ದನ್ನು ನಾನು ಈವರೆಗೆ ನೋಡಿಲ್ಲ ಅಂತ. ಪಾಯಿಂಟ್‌ಗಳು ಬಂದದ್ದು ಮರುವರ್ಷ.

ಕಾದವರಿಗೆಲ್ಲ ಫಲ ಸಿಕ್ಕೇ ಸಿಗುತ್ತದೆ ಎಂದು ನಾನು ಹೇಳಲಾರೆ. 2012ರ ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ ಮೈಕಲ್ ಕಿಡ್-ಗಿಲ್‌ಕ್ರಿಸ್ಟ್ ಅದ್ಭುತ ಡಿಫೆಂಡರ್. ಶಾಟ್‌ನಲ್ಲಿ ನಡುವೆ ಒಂದು ಜರ್ಕ್ ಇತ್ತು. ಅದನ್ನು ತಿದ್ದಲು ಕೂತವರು ತಮ್ಮ ಕಾಲದ ಅತಿ ನಿಖರ ಶೂಟರ್‌ಗಳಲ್ಲೊಬ್ಬರಾದ ಮಾರ್ಕ್ ಪ್ರೈಸ್. ಹುಡುಗ ದುಡಿದ, ತಂಡವೂ ಕಾಯಿತು, ಭುಜದ ಗಾಯವೂ ಕಾಡಿತು. ಯಾವ ಸೀಸನ್‌ನಲ್ಲೂ ಅವನ ಸರಾಸರಿ 13 ಮುಟ್ಟಲಿಲ್ಲ. ಆದರೂ ಎಂಟು ಸೀಸನ್ ಎನ್‌ಬಿಎಯಲ್ಲಿ ಆಡಿದ, ಡಿಫೆನ್ಸ್ ಅವನನ್ನು ಉಳಿಸಿತು.

ನನ್ನ ಎದೆಯಲ್ಲಿ ಉಳಿದಿರುವ ನೋವು ಬೇರೆಯದು. ಶುರುವಿನ ವರ್ಷಗಳಲ್ಲಿ 14ರ ಒಬ್ಬ ಎತ್ತರದ ಹುಡುಗನಿಗೆ, ಒಂದು ಟೂರ್ನಿ ಗೆಲ್ಲುವ ಆಸೆಗೆ, "ನೀನು ಹೊಡೀಬೇಡ, ರಿಬೌಂಡ್ ಹಿಡಿದು ಪಾಸ್ ಕೊಡು" ಎಂದಿದ್ದೆ. ಟೂರ್ನಿ ಗೆದ್ದೆವು. ಅವನು ಆಮೇಲೆ ಎಂದೂ ರಿಂಗಿನ ಕಡೆ ತಲೆ ಎತ್ತಿ ನೋಡಲಿಲ್ಲ. ಎರಡು ವರ್ಷಕ್ಕೆ ಆಟ ಬಿಟ್ಟ. ದಯವಿಟ್ಟು ನಿಮ್ಮ ಮಗನಿಗೆ ಯಾರೂ ಆ ಮಾತು ಹೇಳದಂತೆ ನೋಡಿಕೊಳ್ಳಿ, ಕೋಚ್ ಆಗಲಿ ನೀವಾಗಲಿ.

ಈಗ ಆ ಲೆಕ್ಕದ ವಿಷಯ. ಪಂದ್ಯ ನೋಡುವಾಗ ಒಂದು ಹಾಳೆ ಇಟ್ಟುಕೊಳ್ಳಿ. ಎದುರು ಯಾರೂ ಇಲ್ಲದೆ ಚೆಂಡು ಅವನ ಕೈಗೆ ಎಷ್ಟು ಸಲ ಬಂತು, ಅದರಲ್ಲಿ ಎಷ್ಟು ಸಲ ಹೊಡೆದ, ಅಷ್ಟು ಬರೆದುಕೊಳ್ಳಿ. ಎಷ್ಟು ಒಳಗೆ ಬಿತ್ತು ಎಂದು ಎಣಿಸಬೇಡಿ. ತಪ್ಪಿದ್ದು ಮಾತ್ರ ಎಡಕ್ಕೋ ಬಲಕ್ಕೋ, ಗಿಡ್ಡವೋ (ರಿಂಗಿಗಿಂತ ಮುಂಚೆಯೇ ಬಿದ್ದಿತೋ) ಉದ್ದವೋ (ರಿಂಗನ್ನು ದಾಟಿತೋ) ಎಂದು ಗುರುತು ಹಾಕಿ. ಗಿಡ್ಡ ಉದ್ದ ಆಗುತ್ತಿದ್ದರೆ ಕಾಲಿನ ಬಲ, ದಣಿವು ನೋಡಿ, ಅಭ್ಯಾಸದಿಂದ ಸರಿಹೋಗುತ್ತದೆ. ಎಡಬಲ ತಪ್ಪುತ್ತಿದ್ದರೆ ಕೈಯಲ್ಲಿ ದೋಷ ಇದೆ, ಯಾರಾದರೂ ಹತ್ತಿರ ನಿಂತು ನೋಡಬೇಕು. ಮನೆಗೆ ಬರುವ ದಾರಿಯಲ್ಲಿ ಎಷ್ಟು ಪಾಯಿಂಟ್ ಎಂದು ಕೇಳಬೇಡಿ, ಈ ಹಾಳೆಯನ್ನೂ ತೋರಿಸಬೇಡಿ.

ನಾಲ್ಕು ಪಂದ್ಯದ ಲೆಕ್ಕ ಆದಮೇಲೆ ಇಲ್ಲಿ ಹಾಕಿ, ಜೊತೆಗೆ ಅವನ ಎಡಗೈ ಹೆಬ್ಬೆರಳು ಹೇಗಿರುತ್ತದೆ ಎಂದೂ ನೋಡಿ ಬರೆಯಿರಿ. ನಾನು ಓದಿ ಉತ್ತರ ಕೊಡುತ್ತೇನೆ.