ಅಗ್ನಿಶಾಮಕ ಠಾಣೆಯಲ್ಲೇ 108 ಆಂಬುಲೆನ್ಸ್ ನಿಲ್ಲಿಸಬಹುದಲ್ಲವೇ?

ಸಿಂಧನೂರಿನಂಥ ಊರಿನಲ್ಲಿ ಎರಡಕ್ಕೂ ಒಂದೇ ಠಾಣೆ ಸಾಲದೇ ಎಂದು ಕೇಳಿದ್ದೀರಿ. ಜಾಗದ ಮಟ್ಟಿಗೆ ಸಾಕು. ಠಾಣೆಯಲ್ಲಿ ಹಗಲೂ ರಾತ್ರಿ ಜನ ಇರುತ್ತಾರೆ, ನೀರಿರುತ್ತದೆ, ಗಾಡಿ ಸರಕ್ಕನೆ ಹೊರಬೀಳುವಷ್ಟು ಅಗಲದ ಗೇಟಿರುತ್ತದೆ. ರಾಯಚೂರು ಸೀಮೆಯ ಮೇ ಬಿಸಿಲಲ್ಲಿ ಬೇವಿನ ಮರದಡಿ ಗಾಡಿ ನಿಲ್ಲಿಸಿಕೊಂಡು ಕೂರುವವರಿಗೆ ಒಂದು ಸೂರು ಸಿಕ್ಕರೆ ಅದೇನು ಸಣ್ಣ ಮಾತಲ್ಲ; ಒಳಗಿನ ಔಷಧಿಯೂ ಕಾದು ಕೆಡುವುದಿಲ್ಲ.

ತೊಡಕಿರುವುದು ಯಜಮಾನಿಕೆಯಲ್ಲಿ. ಅಗ್ನಿಶಾಮಕ ಗೃಹ ಇಲಾಖೆಯದು, 2008ರಲ್ಲಿ ಶುರುವಾದ 108 ಆರೋಗ್ಯ ಇಲಾಖೆಯದು. ಕರೆಂಟ್ ಬಿಲ್ ಯಾರು ಕಟ್ಟಬೇಕು, ಸೋರುವ ಚಾವಣಿ ಯಾರು ರಿಪೇರಿ ಮಾಡಿಸಬೇಕು ಎಂದು ಮೊದಲೇ ಬರೆದಿಡದಿದ್ದರೆ ಜಗಳ ಖಾಯಂ. ಆಕ್ಸಿಜನ್ ಸಿಲಿಂಡರ್‌ಗೆ ಗಾಳಿಯಾಡುವ ಬೇರೆ ಕೋಣೆ, ಸೂಜಿ-ಬ್ಯಾಂಡೇಜ್ ಕಸಕ್ಕೆ ಬೇರೆ ಡಬ್ಬಿ ಬೇಕೇ ಬೇಕು. ನಿಮ್ಮೂರ ಠಾಣೆ ಊರಾಚೆ ಇದ್ದರೆ ಮಾತ್ರ ಈ ಯೋಚನೆ ಬಿಡಿ. ಹೆರಿಗೆ ನೋವಿನವರ ಮನೆಗೆ ಗಾಡಿ ಮುಟ್ಟುವುದು ತಡವಾಗುತ್ತದೆ.