ತಂಗಿಗೆ ಎಂಎಸ್ ಅಂತ ಹೇಳಿದ್ದಾರೆ. ಮುಂದೆ ವೀಲ್‌ಚೇರೇ ಗತಿಯಾ?

ನಿಮ್ಮ ತಂಗಿಗೆ 26 ವರ್ಷ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದು ಮೊನ್ನೆ ಗೊತ್ತಾಯಿತು, ಇಂಟರ್‌ನೆಟ್‌ನಲ್ಲಿ ಎಲ್ಲಿ ನೋಡಿದರೂ ವೀಲ್‌ಚೇರ್ ಚಿತ್ರವೇ ಎಂದು ಬರೆದಿದ್ದೀರಿ. ನನಗೆ ಈ ಕಾಯಿಲೆ ಬಂದು ಹನ್ನೊಂದು ವರ್ಷ. ಬಳ್ಳಾರಿ ಕಡೆ ಹೈಸ್ಕೂಲ್ ಟೀಚರ್. ಇವತ್ತೂ ನಾಲ್ಕು ಪೀರಿಯಡ್ ಮುಗಿಸಿ ಬಂದು ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ, ಅನುಭವಸ್ಥೆ ಅಷ್ಟೇ.

ನನಗೆ ಶುರುವಾಗಿದ್ದು ಕೆಂಪು ಪೆನ್ನಿನಿಂದ. ಪೇಪರ್ ತಿದ್ದುತ್ತಿದ್ದೆ, ಇಂಕು ಮಾಸಲಾಗಿ ಕಂಡಿತು. ರೀಫಿಲ್ ಮುಗಿಯಿತೇನೋ ಎಂದು ಬೇರೆ ಪೆನ್ ತೆಗೆದೆ. ಅದೂ ಹಾಗೇ. ಒಂದೊಂದೇ ಕಣ್ಣು ಮುಚ್ಚಿ ನೋಡಿದೆ. ಬಲಗಣ್ಣಿಗೆ ಕೆಂಪು ಕೆಂಪಾಗಿಯೇ ಇತ್ತು, ಎಡಗಣ್ಣಿಗೆ ಹತ್ತು ಸಲ ಒಗೆದ ಬಟ್ಟೆಯ ಹಾಗೆ. ಆ ಕಣ್ಣು ಹೊರಳಿಸಿದರೆ ನೋವು ಬೇರೆ. ಮೊದಲು ತೋರಿಸಿದ ಕಡೆ ಹೊಸ ಕನ್ನಡಕ ಬರೆದುಕೊಟ್ಟರು! ಎರಡು ವಾರ ಹಾಳಾಯಿತು. ಆಮೇಲೆ ನರರೋಗದ ಡಾಕ್ಟರು, ಎಂಆರ್‌ಐ, ಬೆನ್ನಿನ ನೀರಿನ ಪರೀಕ್ಷೆ, ಐದು ದಿನ ಡ್ರಿಪ್‌ನಲ್ಲಿ ಸ್ಟೀರಾಯ್ಡ್.

ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೆದುಳು, ಬೆನ್ನುಹುರಿ, ಕಣ್ಣಿನ ನರಗಳ ಮೇಲಿರುವ ಮಯಲಿನ್ ಎಂಬ ಹೊದಿಕೆಯನ್ನು ತಿನ್ನುತ್ತದೆ. ತಿಂದ ಜಾಗದಲ್ಲಿ ಗಟ್ಟಿ ಕಲೆ ಉಳಿಯುತ್ತದೆ, ಅದೇ ಸ್ಕ್ಲೆರೋಸಿಸ್. ಪ್ಯಾರಿಸ್‌ನ ಶಾರ್ಕೋ ಎಂಬ ವೈದ್ಯರು 1868ರಲ್ಲೇ ಇದನ್ನು ವಿವರಿಸಿದ್ದರು. ಕಲೆ ಎಲ್ಲಿ ಬಿತ್ತೋ ತೊಂದರೆ ಅಲ್ಲಿಯದು. ಒಬ್ಬರಿಗೆ ಕಣ್ಣು, ಒಬ್ಬರಿಗೆ ಕಾಲಿನ ಜೋಮು, ಇನ್ನೊಬ್ಬರಿಗೆ ಮೂತ್ರ ತಡೆಯಲಾಗದ ಪಾಡು. ಹಾಗಾಗಿ ಬೇರೆಯವರ ಕಥೆ ಓದಿ ತಂಗಿಯ ಭವಿಷ್ಯ ಹೇಳೋಕಾಗಲ್ಲ. ನನ್ನದನ್ನು ಓದಿಯೂ ಅಷ್ಟೇ.

ನೂರಕ್ಕೆ ಸುಮಾರು 85 ಜನರಿಗೆ ಇದು ಅಟ್ಯಾಕ್ ಬಂದು, ಇಳಿದು, ಮತ್ತೆ ಬರುವ ರೀತಿಯಲ್ಲಿ ಶುರುವಾಗುತ್ತದೆ. ವೀಲ್‌ಚೇರ್ ಯಾರಿಗೂ ಬರುವುದಿಲ್ಲ ಎಂದು ಸುಳ್ಳು ಹೇಳಲಾರೆ. ಆದರೆ 1993ರಲ್ಲಿ ಅಮೆರಿಕದಲ್ಲಿ ಇಂಟರ್‌ಫೆರಾನ್ ಎಂಬ ಎಂಎಸ್ ಔಷಧಿಗೆ ಒಪ್ಪಿಗೆ ಸಿಕ್ಕ ಮೇಲೆ ಕಾಲ ತುಂಬಾ ಬದಲಾಗಿದೆ. ಈಗ ಮಾತ್ರೆ ಇದೆ, ಇಂಜೆಕ್ಷನ್ ಇದೆ, ಆರು ತಿಂಗಳಿಗೊಮ್ಮೆ ಹಾಕುವ ಡ್ರಿಪ್ ಇದೆ. ಯಾವುದೂ ಬುಡಸಮೇತ ವಾಸಿ ಮಾಡುವುದಿಲ್ಲ, ಅಟ್ಯಾಕ್ ಕಡಿಮೆ ಮಾಡುತ್ತದೆ. ಚೆನ್ನಾಗಿದ್ದೀನಲ್ಲ ಎಂದು ನಾನು ಸುಮ್ನೆ ಔಷಧಿ ನಿಲ್ಲಿಸಿದೆ. ಏಳನೇ ತಿಂಗಳಿಗೆ ಬಲಗಾಲು ಎಳೆಯತೊಡಗಿತು. ಚಪ್ಪಲಿ ಜಾರಿ ಹಿಂದೆ ಉಳಿದರೂ ಕಾಲಿಗೆ ಗೊತ್ತಾಗುತ್ತಿರಲಿಲ್ಲ, ಹಿಂದೆ ಬರುವ ಮಕ್ಕಳು ಎತ್ತಿಕೊಂಡು ಬಂದು ಕೊಡುತ್ತಿದ್ದರು. ಆ ಕಾಲು ಪೂರ್ತಿ ಸರಿಹೋಗಲೇ ಇಲ್ಲ.

ಇನ್ನು ಬಿಸಿ. ಇದನ್ನು ತಂಗಿಗೆ ಮೊದಲೇ ಹೇಳಿಡಿ. ಮೊದಲ ವರ್ಷದ ದೀಪಾವಳಿಗೆ ಅಮ್ಮ ತಲೆಗೆ ಎಣ್ಣೆ ತಟ್ಟಿ ಹಂಡೆಯಿಂದ ಸುಡುಸುಡು ನೀರು ಹುಯ್ದರು. ಬಚ್ಚಲಿಂದ ಹೊರಗೆ ಬರುವಷ್ಟರಲ್ಲಿ ಎಡಗಣ್ಣು ಮತ್ತೆ ಮಂಜು, ಕಾಲಲ್ಲಿ ಶಕ್ತಿಯೇ ಇಲ್ಲ. ಹೊಸ್ತಿಲ ಮೇಲೇ ಕೂತುಬಿಟ್ಟೆ. ಅಮ್ಮನಿಗೆ ಅಳು. ಫ್ಯಾನ್ ಕೆಳಗೆ ಮುಕ್ಕಾಲು ಗಂಟೆ ಕೂತ ಮೇಲೆ ತಾನಾಗಿ ಸರಿಯಾಯಿತು! ಹೊದಿಕೆ ಕಳೆದುಕೊಂಡ ನರ ಬಿಸಿಯಾದರೆ ಸಂದೇಶವನ್ನು ಸರಿಯಾಗಿ ಸಾಗಿಸುವುದಿಲ್ಲ, ತಣ್ಣಗಾದರೆ ಮತ್ತೆ ಸಾಗಿಸುತ್ತದೆ. ಅದು ಹೊಸ ಗಾಯವಲ್ಲ. ಎಂಆರ್‌ಐ ಇಲ್ಲದ ಕಾಲದಲ್ಲಿ ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿಯೇ ಈ ಕಾಯಿಲೆ ಪತ್ತೆ ಮಾಡುತ್ತಿದ್ದರಂತೆ. ಅಮ್ಮ ಗೊತ್ತಿಲ್ಲದೆ ಅದೇ ಪರೀಕ್ಷೆ ಮಾಡಿದ್ದರು. ಈಗ ನಾನು ಉಗುರುಬೆಚ್ಚಗಿನ ನೀರಲ್ಲಿ ಸ್ನಾನ ಮಾಡುತ್ತೇನೆ. ಬಳ್ಳಾರಿ ಬೇಸಿಗೆಯಲ್ಲಿ ಬೆಳಗಿನ ಪೀರಿಯಡ್‌ಗಳನ್ನೇ ಕೇಳಿ ಹಾಕಿಸಿಕೊಳ್ಳುತ್ತೇನೆ, ಕುತ್ತಿಗೆಗೆ ಒದ್ದೆ ಟವೆಲ್. ತೊಂದರೆ 24 ಗಂಟೆ ದಾಟಿಯೂ ಉಳಿದರೆ ಅದು ಬಿಸಿಯ ಆಟವಲ್ಲ, ಡಾಕ್ಟರಿಗೆ ಫೋನ್ ಮಾಡಬೇಕು. ಜ್ವರ, ಮೂತ್ರದ ಸೋಂಕು ಇದ್ದಾಗಲೂ ಹಳೆಯ ಲಕ್ಷಣ ತಲೆ ಎತ್ತುತ್ತವೆ, ಅದನ್ನೂ ತೋರಿಸಬೇಕು.

ಸುಸ್ತಿನ ಬಗ್ಗೆ ಒಂದೇ ಮಾತು. "ಗುಂಡುಕಲ್ಲಿನ ಹಾಗಿದ್ದೀಯ, ಏನು ಸುಸ್ತು ನಿಂಗೆ?" ಎಂದು ಸ್ಟಾಫ್‌ರೂಮಲ್ಲಿ ಕೇಳಿಸಿಕೊಂಡಿದ್ದೇನೆ. ಮನೆಯಲ್ಲಿ ನೀವು ಮಾತ್ರ ಆ ಮಾತು ಆಡಬೇಡಿ. ಇದು ನಿದ್ದೆ ಮಾಡಿದರೆ ಹೋಗುವ ಸುಸ್ತಲ್ಲ.

ಮದುವೆ, ಮಕ್ಕಳು ಅಂತಲೂ ಕೇಳಿದ್ದೀರಿ. ಆಗಬಹುದು. ಬಸುರಿಯಾಗಿದ್ದಾಗ ಅಟ್ಯಾಕ್ ಸಾಮಾನ್ಯವಾಗಿ ಕಡಿಮೆಯಾಗುತ್ತವೆ, ಹೆರಿಗೆಯಾದ ಮೊದಲ ಮೂರು ತಿಂಗಳು ಜಾಸ್ತಿ ಹುಷಾರಾಗಿರಬೇಕು. ಕೆಲವು ಔಷಧಿಗಳನ್ನು ಮೊದಲೇ ಬದಲಿಸಬೇಕಾಗುತ್ತದೆ, ಹಾಗಾಗಿ ಡಾಕ್ಟರಿಗೆ ಮುಂಚೆಯೇ ಹೇಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಇದೆ, ಕೆಲಸಕ್ಕೆ ತೊಂದರೆಯಾದರೆ ನೆನಪಿರಲಿ.

ಮುಂದಿನ ಭೇಟಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಕೇಳಿ: ಎನ್‌ಎಂಒ (ನ್ಯೂರೋಮೈಲೈಟಿಸ್ ಆಪ್ಟಿಕಾ) ಅಲ್ಲ ಎಂದು ರಕ್ತಪರೀಕ್ಷೆ ಮಾಡಿ ಖಚಿತ ಮಾಡಿಕೊಂಡಿದ್ದಾರಾ? ನೋಡೋಕೆ ಎಂಎಸ್ ಹಾಗೇ ಇರುವ ಬೇರೆ ಕಾಯಿಲೆ ಅದು. ಎಂಎಸ್‌ನ ಕೆಲವು ಔಷಧಿ ಅದನ್ನು ಇನ್ನೂ ಕೆಡಿಸುತ್ತವೆ. ಆ ರಕ್ತಪರೀಕ್ಷೆಯಲ್ಲಿ ಹುಡುಕುವುದು ಅಕ್ವಾಪೊರಿನ್-4 ಪ್ರತಿಕಾಯ, ರಿಪೋರ್ಟ್‌ನಲ್ಲಿ ಆ ಹೆಸರು ಇದೆಯಾ ನೋಡಿ.